ನಿಲ್ಲದ ಉಸಿರು

ಹೋದ ವರ್ಷ ಹೆರಿಗೆ ಕೋಣೆಯ ನರ್ಸ್‌ಗಳಿಗಾಗಿ ಮಾಡಿದ ಒಂದು ತರಬೇತಿ ಪುಸ್ತಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಪುಟಗಳು ಕಡಿಮೆ, ದುಡ್ಡು ಅದಕ್ಕಿಂತ ಕಡಿಮೆ, ಗಡುವು ಹತ್ತು ದಿನ. ಇಂಥ ಕೆಲಸದಲ್ಲಿ ನಾನು ಸಾಮಾನ್ಯವಾಗಿ ನಿಂತು ಯೋಚಿಸುವುದಿಲ್ಲ. ಆದರೆ ಒಂಬತ್ತನೇ ಪುಟದ ಒಂದು ವಾಕ್ಯ ತಡೆದು ನಿಲ್ಲಿಸಿತು. ದಿನ ತುಂಬಿ ಹುಟ್ಟಿದ ಮಗು ಉಸಿರಾಡದೆ ಇದ್ದರೆ ಚೀಲ ಮತ್ತು ಮುಖವಾಡದಿಂದ ಗಾಳಿ ಕೊಡಿ. ಆಮ್ಲಜನಕದಿಂದ ಶುರುಮಾಡಬೇಡಿ, ಕೋಣೆಯ ಗಾಳಿಯಿಂದಲೇ ಶುರುಮಾಡಿ ಎಂದು ಅಲ್ಲಿತ್ತು.

ಎಲ್ಲೋ ಒಂದು 'ಬೇಡ' ತಪ್ಪಿ ಸೇರಿಕೊಂಡಿದೆ ಅನ್ನಿಸಿತು. ಉಸಿರಿಲ್ಲದೆ ನೀಲಿಗಟ್ಟಿದ ಕೂಸು, ಪಕ್ಕದಲ್ಲೇ ಸಿಲಿಂಡರು, ಅದನ್ನು ಬಿಟ್ಟು ಕೋಣೆಯ ಗಾಳಿಯೇ? ಕೆಲಸ ಕೊಟ್ಟವರಿಗೆ ಬರೆದು ಕೇಳಿದೆ. ಸರಿಯಾಗಿಯೇ ಇದೆ, ಹಾಗೇ ಇರಲಿ ಎಂದು ಒಂದು ಸಾಲಿನ ಉತ್ತರ ಬಂತು. ಹಾಗೇ ಬಿಟ್ಟೆ. ಪುಸ್ತಿಕೆ ಮುಗಿಸಿಯೂ ಕೊಟ್ಟೆ. ಆ ವಾಕ್ಯ ಮಾತ್ರ ನನ್ನನ್ನು ಬಿಡಲಿಲ್ಲ. ಅದರ ಹಿಂದೆ ಏನಿದೆ ಎಂದು ಹುಡುಕುತ್ತ ಹೋದೆ, ತಿಂಗಳುಗಳು ಕಳೆದವು.

ಇದರ ನಡುವೆ ನನ್ನ ಅಜ್ಜಿಯ ಒಂದು ಮಾತು ನೆನಪಾಯಿತು. ನನ್ನ ಅಮ್ಮನ ಮೊದಲ ಕೂಸು ಎಂಟು ತಿಂಗಳಿಗೇ ಹುಟ್ಟಿತ್ತು, 1983ರಲ್ಲಿ, ಹಾವೇರಿ ಕಡೆಯ ಒಂದು ಊರಿನಲ್ಲಿ. ಸಂಜೆ ಹುಟ್ಟಿದ್ದು ಮರುದಿನ ಬೆಳಕು ಹರಿಯುವಷ್ಟರಲ್ಲಿ ಹೋಯಿತು. ಅಮ್ಮ ಆ ಬಗ್ಗೆ ಮಾತಾಡುವುದಿಲ್ಲ. ಅಜ್ಜಿ ಮಾತ್ರ ಯಾವಾಗಲಾದರೂ ಹೇಳುತ್ತಾಳೆ: "ಕೂಸಿನ ಎದ್ಯಾಗ ಉಸರ ನಿಂದ್ರಲಿಲ್ಲ ನೋಡವಾ. ರಾತ್ರಿ ಪೂರ್ತಿ ಮುಲುಕ್ತಿತ್ತು. ಹೊಟ್ಟಿ ನೂಸ್ತೈತೇನೋ ಅಂದ್ಕೊಂಡ್ವಿ."

ಕನ್ನಡದ 'ನಿಲ್ಲು' ವಿಚಿತ್ರ ಕ್ರಿಯಾಪದ. ಬಸ್ಸು ನಿಂತಿತು ಎಂದರೆ ಚಲನೆ ಮುಗಿಯಿತು. ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂದರೆ ಉಳಿಯುವುದಿಲ್ಲ. ಉಸಿರು ನಿಂತಿತು ಎಂದರೂ ಸಾವು, ಎದೆಯಲ್ಲಿ ಉಸಿರು ನಿಲ್ಲಲಿಲ್ಲ ಎಂದರೂ ಸಾವು. ಭಾಷಾವಿಜ್ಞಾನ ಓದುವಾಗ ಇಂಥವನ್ನು ಪಟ್ಟಿ ಮಾಡಿ ಖುಷಿಪಡುತ್ತಿದ್ದೆವು. ಅಜ್ಜಿಯ ಮಾತು ವೈದ್ಯಶಾಸ್ತ್ರದ ಲೆಕ್ಕದಲ್ಲೂ ಅಕ್ಷರಶಃ ಸರಿ ಎಂದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು. ವೈದ್ಯಶಾಸ್ತ್ರಕ್ಕೂ ಅದು ಬೇಗ ಹೊಳೆದಿರಲಿಲ್ಲ.

ಮೊದಲು ಆಮ್ಲಜನಕದ ಕಥೆ. 1930–40ರ ದಶಕಗಳಲ್ಲಿ ಅಮೆರಿಕದ ದೊಡ್ಡ ಆಸ್ಪತ್ರೆಗಳಿಗೆ ಗಾಳಿ ಸೋರದ ಇನ್‌ಕ್ಯುಬೇಟರುಗಳು ಬಂದವು. ನಮ್ಮ ಕಡೆ ಇವತ್ತಿಗೂ ಜನ 'ಗಾಜಿನ ಪೆಟ್ಟಿಗೆ' ಎನ್ನುವುದು ಅದನ್ನೇ. ದಿನ ತುಂಬದ ಮಗುವನ್ನು ಒಳಗಿಟ್ಟು ಆಮ್ಲಜನಕ ಬಿಟ್ಟರೆ ಮೈಬಣ್ಣ ಕೆಂಪಗಾಗುತ್ತಿತ್ತು, ತಡವರಿಸುವ ಉಸಿರು ಒಂದು ಲಯಕ್ಕೆ ಬರುತ್ತಿತ್ತು. ಕಣ್ಣೆದುರೇ ಕಾಣುವ ಗುಣ. ಹಾಗಾಗಿ ಬೇಕಿದ್ದವರಿಗೂ ಬೇಡದವರಿಗೂ ವಾರಗಟ್ಟಲೆ ಕೊಟ್ಟರು.

1942ರಲ್ಲಿ ಬಾಸ್ಟನ್ನಿನ ಕಣ್ಣಿನ ವೈದ್ಯ ಥಿಯೊಡೋರ್ ಟೆರಿ ಅಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಒಂದು ಹೊಸ ಬಗೆಯ ಕುರುಡುತನವನ್ನು ವರ್ಣಿಸಿದರು. ಕಣ್ಣಿನ ಮಸೂರದ ಹಿಂದೆ ಗಾಯದ ಕಲೆಯಂಥ ಪೊರೆ. ಮುಂದಿನ ಹನ್ನೆರಡು ವರ್ಷ ಅದರ ಕಾರಣ ಹುಡುಕುವುದರಲ್ಲಿ ಕಳೆಯಿತು. ಬೆಳಕು, ವಿಟಮಿನ್, ಕಬ್ಬಿಣದ ಅಂಶ, ಹೀಗೆ ಒಂದೊಂದರ ಮೇಲೂ ಅನುಮಾನ ಬಂತು. ಎಲ್ಲರನ್ನೂ ಗೊಂದಲಕ್ಕೆ ಹಾಕಿದ ಸಂಗತಿಯೆಂದರೆ ಈ ಕುರುಡು ಹೆಚ್ಚಾಗಿ ಕಾಣುತ್ತಿದ್ದುದು ಉತ್ತಮ ಆಸ್ಪತ್ರೆಗಳಲ್ಲಿ. ಹಳೆಯ, ಸೋರುವ ಪೆಟ್ಟಿಗೆಗಳಿದ್ದ ಬಡ ಆಸ್ಪತ್ರೆಗಳಲ್ಲಿ ಅದು ಅಪರೂಪ. 1951ರಲ್ಲಿ ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಧಾರಾಳವಾಗಿ ಆಮ್ಲಜನಕ ಕೊಟ್ಟ ಮತ್ತು ಕೈಬಿಗಿಹಿಡಿದು ಕೊಟ್ಟ ಆಸ್ಪತ್ರೆಗಳನ್ನು ಹೋಲಿಸಿ, ಇದು ಆಮ್ಲಜನಕದ ಕೆಲಸ ಎಂದು ಬರೆದರು.

ಯಾರು ನಂಬುತ್ತಾರೆ? ವಾಷಿಂಗ್ಟನ್ನಿನಲ್ಲಿ ಆರ್ನಲ್ ಪಾಟ್ಸ್ ಎಂಬ ಯುವ ಕಣ್ಣಿನ ವೈದ್ಯರು ಒಂದು ಗುಂಪಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಮ್ಲಜನಕ ಕೊಟ್ಟು ನೋಡುವ ಪರೀಕ್ಷೆ ನಡೆಸಿದರು. ಕಡಿಮೆ ಕೊಟ್ಟರೆ ಈ ಮಕ್ಕಳು ಸತ್ತೇಹೋಗುತ್ತಾರೆ ಎಂದು ನಂಬಿದ್ದ ಕೆಲವು ನರ್ಸ್‌ಗಳು ರಾತ್ರಿ ಹೊತ್ತು ಗುಟ್ಟಾಗಿ ನಲ್ಲಿ ತಿರುಗಿಸಿ ಆಮ್ಲಜನಕ ಹೆಚ್ಚಿಸುತ್ತಿದ್ದರಂತೆ. ಈ ಪ್ರಸಂಗ ಓದಿದಾಗ ನನಗೆ ಆ ನರ್ಸ್‌ಗಳ ಮೇಲೆ ಸಿಟ್ಟು ಬರಲಿಲ್ಲ. ಒಂಬತ್ತನೇ ಪುಟದಲ್ಲಿ ನಾನೂ ಅದೇ ನಲ್ಲಿಗೆ ಕೈಹಾಕಿದ್ದೆ.

1953ರಲ್ಲಿ 18 ಆಸ್ಪತ್ರೆಗಳು ಸೇರಿ ದೊಡ್ಡ ಪರೀಕ್ಷೆ ಆರಂಭಿಸಿದವು. ಮರುವರ್ಷ ಫಲಿತಾಂಶ ಹೊರಬಿತ್ತು, ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು.

ಇಲ್ಲಿಗೆ ಮುಗಿದಿದ್ದರೆ ಒಂದು ನೀತಿಕಥೆಯಾಗುತ್ತಿತ್ತು. ಆದರೆ ಹೆದರಿದ ವೈದ್ಯರು ಈಗ ಎಲ್ಲರಿಗೂ ಆಮ್ಲಜನಕ ಕಡಿತ ಮಾಡಿದರು, ಇನ್‌ಕ್ಯುಬೇಟರಿನಲ್ಲಿ ಶೇಕಡ 40ರ ಮಿತಿ ಹಾಕಿದರು. ಕುರುಡು ಇಳಿಯಿತು. ಉಸಿರಿನ ತೊಂದರೆಯಿಂದ ಸಾಯುವ ಮಕ್ಕಳ ಸಂಖ್ಯೆ ಏರಿತು. 1973ರಲ್ಲಿ ಕೆನೆತ್ ಕ್ರಾಸ್ ಎಂಬ ಬ್ರಿಟಿಷ್ ವಿಜ್ಞಾನಿ ಹಳೆಯ ಅಂಕಿಅಂಶಗಳನ್ನು ಕೂಡಿ ಕಳೆದು, ಉಳಿಸಿದ ಒಂದೊಂದು ಜೋಡಿ ಕಣ್ಣಿಗೆ ಸುಮಾರು 16 ಜೀವ ತೆತ್ತಿರಬಹುದು ಎಂದು ಅಂದಾಜಿಸಿದರು.

ಕೊಟ್ಟರೂ ಕೇಡು, ಬಿಟ್ಟರೂ ಕೇಡು ಎಂದಾಗ ಪ್ರಶ್ನೆಯೇ ಎಲ್ಲೋ ತಪ್ಪಿದೆ ಎಂದರ್ಥ. ಅಷ್ಟಕ್ಕೂ ಈ ಮಕ್ಕಳಿಗೆ ಉಸಿರಾಟದ ತೊಂದರೆ ಏಕೆ ಬರುತ್ತದೆ?

ಆಗ ಆ ರೋಗಕ್ಕಿದ್ದ ಹೆಸರು 'ಹಯಲೈನ್ ಪೊರೆ ರೋಗ'. ಹಯಲೈನ್ ಎಂದರೆ ಗಾಜಿನಂಥದ್ದು, ಗ್ರೀಕ್ ಮೂಲದ ಪದ. ಸತ್ತ ಮಗುವಿನ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿಗೂಡುಗಳ ಒಳಗೋಡೆಗೆ ಗಾಜಿನಂಥ ಪೊರೆ ಅಂಟಿಕೊಂಡಿರುತ್ತಿತ್ತು. ಕಂಡದ್ದಕ್ಕೆ ಹೆಸರಿಟ್ಟರು, ಹೆಸರಿಟ್ಟದ್ದನ್ನೇ ಕಾರಣ ಎಂದುಕೊಂಡರು. ಈ ಪೊರೆ ಎಲ್ಲಿಂದ ಬಂತು? ಗರ್ಭಜಲ ಒಳಗೆ ಹೋಯಿತೇ? ಹಾಲು ನೆತ್ತಿಗೇರಿತೇ? ಹೀಗೆ ದಶಕಗಳು ಸಂದವು. ಹೆಸರು ದಾರಿ ತಪ್ಪಿಸುವುದಕ್ಕೆ ನನಗೆ ಗೊತ್ತಿರುವ ಅತಿ ದುಬಾರಿ ಉದಾಹರಣೆ ಇದು.

ಉತ್ತರದ ಒಂದು ತುಣುಕು 1929ರಲ್ಲೇ ಅಚ್ಚಾಗಿತ್ತು. ಕರ್ಟ್ ಫಾನ್ ನೀರ್‌ಗಾರ್ಡ್ ಎಂಬ ವೈದ್ಯರು ಹಂದಿಯ ಶ್ವಾಸಕೋಶಕ್ಕೆ ಒಮ್ಮೆ ಗಾಳಿ, ಒಮ್ಮೆ ದ್ರವ ತುಂಬಿ ನೋಡಿದ್ದರು. ಉಬ್ಬಿಸಲು ಗಾಳಿಗಿಂತ ದ್ರವಕ್ಕೆ ಕಡಿಮೆ ಒತ್ತಡ ಸಾಕಾಯಿತು. ಅಂದರೆ ಶ್ವಾಸಕೋಶ ಕುಗ್ಗಲು ಎಳೆಯುವುದು ಅದರ ಮಾಂಸವಷ್ಟೇ ಅಲ್ಲ. ಒದ್ದೆ ಗೋಡೆಗೆ ಗಾಳಿ ತಾಗುವಲ್ಲಿ ಹುಟ್ಟುವ ಮೇಲ್ಮೈ ಎಳೆತವೂ ಹೌದು. ತರಕಾರಿ ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲ ಒದ್ದೆಯಾದರೆ ಬಾಯಿ ಬಿಡಿಸಲು ಎಷ್ಟು ಒದ್ದಾಡುತ್ತೀರಿ ನೆನಪಿಸಿಕೊಳ್ಳಿ. ಹುಟ್ಟಿದ ಮಗುವಿನ ಮೊದಲ ಉಸಿರಿಗೂ ಇದಕ್ಕೂ ಸಂಬಂಧವಿರಬಹುದು ಎಂದೂ ಅವರು ಬರೆದಿದ್ದರು. ಯಾರೂ ಓದಲಿಲ್ಲ.

ಮುಂದಿನ ತುಣುಕು ಬಂದದ್ದು ಮಕ್ಕಳ ವಾರ್ಡಿಗೆ ಬಲು ದೂರದ ಜಾಗದಿಂದ. ಬ್ರಿಟನ್ನಿನ ಪೋರ್ಟನ್ ಡೌನ್ ಮತ್ತು ಅಮೆರಿಕದ ಎಡ್ಜ್‌ವುಡ್, ಎರಡೂ ವಿಷಾನಿಲ ಯುದ್ಧದ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಸೇನಾ ಕೇಂದ್ರಗಳು. ಪೋರ್ಟನ್ ಡೌನ್‌ನ ರಿಚರ್ಡ್ ಪ್ಯಾಟಲ್ ಶ್ವಾಸಕೋಶದಿಂದ ಬರುವ ನೊರೆಯನ್ನು ಪರೀಕ್ಷಿಸಿ, ಅದರ ಗುಳ್ಳೆಗಳು ಒಡೆಯುವುದೇ ಇಲ್ಲ ಎಂದು 1955ರಲ್ಲಿ ಬರೆದರು. 1957ರಲ್ಲಿ ಎಡ್ಜ್‌ವುಡ್‌ನ ಜಾನ್ ಕ್ಲೆಮೆಂಟ್ಸ್ ಅದನ್ನು ಅಳತೆ ಮಾಡಿ ತೋರಿಸಿದರು. ಶ್ವಾಸಕೋಶ ತನ್ನ ಒಳಗೋಡೆಗೆ ತಾನೇ ಸಾಬೂನಿನಂಥ ಒಂದು ವಸ್ತುವನ್ನು ಬಳಿದುಕೊಳ್ಳುತ್ತದೆ, ಅದು ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಹೆಸರು ಸರ್ಫ್ಯಾಕ್ಟಂಟ್. ಪುಸ್ತಿಕೆಯಲ್ಲಿ ಇದಕ್ಕೊಂದು ಕನ್ನಡ ಪದ ಕಟ್ಟಲು ಹೋಗಿ, ಅಂಟುವಾಳದ ನೊರೆಯವರೆಗೆ ಯೋಚಿಸಿ, ಕೊನೆಗೆ ಸರ್ಫ್ಯಾಕ್ಟಂಟ್ ಎಂದೇ ಬಿಟ್ಟೆ.

ಇದನ್ನು ಕೂಸುಗಳ ಸಾವಿಗೆ ಜೋಡಿಸಿದವರು ಮೇರಿ ಎಲೆನ್ ಏವರಿ. ಬಾಸ್ಟನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ, ಇನ್ನೂ ಮೂವತ್ತರ ಆಸುಪಾಸಿನ ಮಕ್ಕಳ ವೈದ್ಯೆ. ಬೇರೆ ಕಾರಣಕ್ಕೆ ಸತ್ತ ಮಕ್ಕಳ ಶ್ವಾಸಕೋಶದಲ್ಲಿ ನೊರೆ ಕಾಣುತ್ತಿತ್ತು, ಈ ರೋಗದಿಂದ ಸತ್ತವರಲ್ಲಿ ನೊರೆಯೇ ಇರಲಿಲ್ಲ. ಕ್ಲೆಮೆಂಟ್ಸ್ ಬಳಿಗೆ ಹೋಗಿ ಅಳೆಯುವ ವಿಧಾನ ಕಲಿತುಬಂದು, ಜೆರ್ ಮೀಡ್ ಜೊತೆ 1959ರಲ್ಲಿ ಪ್ರಬಂಧ ಪ್ರಕಟಿಸಿದರು. ಎಲ್ಲರೂ ಇದ್ದುದನ್ನು ನೋಡುತ್ತಿದ್ದಾಗ ಏವರಿ ಇಲ್ಲದ್ದನ್ನು ನೋಡಿದರು. ಪೊರೆ ರೋಗದ ಕಾರಣವಾಗಿರಲಿಲ್ಲ, ಗಾಯಗೊಂಡ ಗೋಡೆಯಿಂದ ರಕ್ತದ ದ್ರವ ಸೋರಿ ಹೆಪ್ಪುಗಟ್ಟಿದ್ದಾಗಿತ್ತು.

ಈಗ ಅಜ್ಜಿಯ ಮಾತಿಗೆ ಬನ್ನಿ. ಬಲೂನು ಊದುವಾಗ ಮೊದಲ ಊದು ಕಷ್ಟ. ಸ್ವಲ್ಪ ಗಾಳಿ ಒಳಗೆ ನಿಂತ ಮೇಲೆ ಮುಂದಿನದು ಸುಲಭ. ಆರೋಗ್ಯವಂತ ಕೂಸು ಉಸಿರು ಬಿಟ್ಟಾಗಲೂ ಗಾಳಿಗೂಡುಗಳಲ್ಲಿ ಒಂದಿಷ್ಟು ಗಾಳಿ ಉಳಿದಿರುತ್ತದೆ. ಸರ್ಫ್ಯಾಕ್ಟಂಟ್ ಸಾಲದ ಕೂಸಿಗೆ ಗೂಡುಗಳು ಪ್ರತಿ ಸಲವೂ ಪೂರ್ತಿ ಮುಚ್ಚಿಕೊಳ್ಳುತ್ತವೆ, ಪ್ರತಿ ಉಸಿರೂ ಮೊದಲನೇ ಉಸಿರಾಗುತ್ತದೆ. ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ. ಎಳೆದುಕೊಳ್ಳಲಾರದೆ ಅಲ್ಲ, ನಿಲ್ಲಿಸಿಕೊಳ್ಳಲಾರದೆ ದಣಿದು ಅದು ಸಾಯುತ್ತದೆ.

ಸರ್ಫ್ಯಾಕ್ಟಂಟ್ ಬೇಕಾದಷ್ಟು ಆಗುವುದು ಗರ್ಭದ ಸುಮಾರು 34–35ನೇ ವಾರಕ್ಕೆ. ಹಾಗಾದರೆ ಏಳನೇ ತಿಂಗಳಿನದಕ್ಕಿಂತ ಎಂಟನೇ ತಿಂಗಳಿನ ಕೂಸೇ ಬದುಕುವ ಸಂಭವ ಹೆಚ್ಚು. ಅಜ್ಜಿಯ ನಂಬಿಕೆ ತಿರುಗುಮುರುಗು: "ಏಳರದ್ದು ಉಳೀತೈತಿ, ಎಂಟರದ್ದು ಉಳಿಯಂಗಿಲ್ಲ." ಇದು ಅವಳೊಬ್ಬಳದಲ್ಲ. ಎಂಟನೇ ತಿಂಗಳಲ್ಲಿ ಓಜಸ್ಸು ತಾಯಿ ಮಗುವಿನ ನಡುವೆ ನೆಲೆ ನಿಲ್ಲದೆ ಅತ್ತಿತ್ತ ಹರಿಯುತ್ತದೆ, ಆಗ ಹುಟ್ಟಿದರೆ ಅಪಾಯ ಎಂದು ಚರಕ ಸಂಹಿತೆ ಹೇಳುತ್ತದೆ. ಹಿಪೊಕ್ರೆಟೀಸನ ಹೆಸರಿನಲ್ಲಿರುವ ಗ್ರೀಕ್ ಗ್ರಂಥಗಳಲ್ಲೂ ಎಂಟು ತಿಂಗಳ ಕೂಸಿನ ಬಗ್ಗೆಯೇ ಒಂದಿದೆ. ಬದುಕಿದ ಏಳು ತಿಂಗಳ ಕೂಸು ಊರೆಲ್ಲ ಕಥೆಯಾಗುತ್ತದೆ, ಬದುಕಿದ ಎಂಟು ತಿಂಗಳದ್ದು ಸಾಮಾನ್ಯ ಮಗುವಾಗಿ ಬೆರೆತುಹೋಗುತ್ತದೆ. ನಂಬಿಕೆ ಬೆಳೆದದ್ದು ಹೀಗಿರಬೇಕು ಎಂದು ನನ್ನ ಊಹೆ.

ಕಾರಣ ಗೊತ್ತಾದ ಮಾತ್ರಕ್ಕೆ ಮದ್ದು ಸಿಗುವುದಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಗೆ ಗಂಡುಮಗು ಹುಟ್ಟಿತು, ಐದೂವರೆ ವಾರ ಮುಂಚೆ. ಹೆಸರು ಪ್ಯಾಟ್ರಿಕ್, ತೂಕ ಸುಮಾರು 2.1 ಕೆ.ಜಿ. ಇಂದು ಜಿಲ್ಲಾಸ್ಪತ್ರೆಯ ನವಜಾತ ಘಟಕವೂ ಧೈರ್ಯದಿಂದ ನೋಡಿಕೊಳ್ಳುವ ತೂಕ. ಆ ಮಗುವನ್ನು ಬಾಸ್ಟನ್ನಿಗೆ ಸಾಗಿಸಿ, ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟರು. ಮತ್ತೆ ಅದೇ, ಇನ್ನಷ್ಟು ಆಮ್ಲಜನಕ. ಮಗು ಬದುಕಿದ್ದು 39 ಗಂಟೆ. ಏವರಿಯ ಪ್ರಬಂಧ ಅದೇ ಬಾಸ್ಟನ್ನಿನಿಂದ ಹೊರಬಂದು ನಾಲ್ಕು ವರ್ಷವಾಗಿತ್ತು.

ಆ ಸಾವಿನ ಬಳಿಕ ಸಂಶೋಧನೆಗೆ ದುಡ್ಡು ಹರಿಯಿತು, ವೆಂಟಿಲೇಟರುಗಳು ಬಂದವು. ಒಳಗೆ ನಿಲ್ಲದ ಗಾಳಿಯನ್ನು ಯಂತ್ರ ಒತ್ತಿ ಒತ್ತಿ ತುಂಬಿತು. ಸಾಯಬೇಕಿದ್ದ ಕೆಲವರು ಉಳಿದರು. 1967ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಕ್ಸ್‌ರೇ ತಜ್ಞ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು 32 ಮಕ್ಕಳ ಚಿತ್ರಗಳನ್ನು ಮುಂದಿಟ್ಟು, ಹೀಗೆ ಉಳಿದವರ ಶ್ವಾಸಕೋಶದಲ್ಲಿ ಹಿಂದೆ ಯಾರೂ ಕಾಣದ ಗಾಯಗಳಿವೆ ಎಂದರು. ಮುಚ್ಚಿದ ಗೂಡುಗಳನ್ನು ಬಲವಂತವಾಗಿ ತೆರೆದು, ಮುಚ್ಚಿ, ತೆರೆದು ಆದ ಗಾಯ. ಅದಕ್ಕೆ ಗಾಢ ಆಮ್ಲಜನಕದ ಸುಡುವಿಕೆ ಬೇರೆ. ಬ್ರಾಂಕೊಪಲ್ಮನರಿ ಡಿಸ್‌ಪ್ಲೇಸಿಯಾ ಎಂದು ಅದಕ್ಕೆ ಹೆಸರಿಟ್ಟರು. ಕಣ್ಣಿನ ಪೊರೆಯ ಹಾಗೆ ಇದೂ ಚಿಕಿತ್ಸೆಗಿಂತ ಮೊದಲು ಇಲ್ಲದಿದ್ದ ರೋಗ.

ಇನ್ನು ಹೇಳುವ ಭಾಗಕ್ಕೆ ಬಂದಾಗ ನಾನು ಓದುವುದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಈ ರೋಗದ ಕೂಸುಗಳು ಉಸಿರು ಬಿಡುವಾಗ ಒಂದು ಸದ್ದು ಮಾಡುತ್ತವೆ. ಚಿಕ್ಕ, ಬಿಗಿದ 'ಹ್ಞ' ಸದ್ದು. ಅದನ್ನು ಎಲ್ಲರೂ ಸಂಕಟದ ಸದ್ದು ಎಂದೇ ತಿಳಿದಿದ್ದರು. 1968ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನ ಹ್ಯಾರಿಸನ್, ಹೀಸ್ ಮತ್ತು ಕ್ಲೈನ್ ಎಂಬ ವೈದ್ಯರು ಗಮನಿಸಿದ್ದು ಇದು: ಗಂಟಲಿಗೆ ಕೊಳವೆ ಹಾಕಿದಾಗ ಮಗು ಆ ಸದ್ದು ಮಾಡಲಾಗುವುದಿಲ್ಲ, ಆಗ ಅದರ ರಕ್ತದ ಆಮ್ಲಜನಕ ಇಳಿಯುತ್ತದೆ. ಕೊಳವೆ ತೆಗೆದರೆ ಸದ್ದು ಮರಳುತ್ತದೆ, ಆಮ್ಲಜನಕ ಏರುತ್ತದೆ. ಮಗು ನೋವಿಗೆ ನರಳುತ್ತಿರಲಿಲ್ಲ. ಹೊರಹೋಗುವ ಗಾಳಿಗೆ ಗಂಟಲಿನ ತಂತುಗಳನ್ನು ಅಡ್ಡ ಹಿಡಿದು, ಗೂಡುಗಳು ಮುಚ್ಚದಂತೆ ಒಂದಿಷ್ಟು ಗಾಳಿಯನ್ನು ಒಳಗೇ ತಡೆದು ನಿಲ್ಲಿಸುತ್ತಿತ್ತು. ದೊಡ್ಡವರು ಹುಡುಕುತ್ತಿದ್ದ ಚಿಕಿತ್ಸೆಯನ್ನು ಹುಟ್ಟಿ ಒಂದು ಗಂಟೆಯಾದ ಜೀವ ತಾನೇ ಮಾಡಿಕೊಳ್ಳುತ್ತಿತ್ತು.

ರಾತ್ರಿ ಪೂರ್ತಿ ಮುಲುಕುತ್ತಿತ್ತು ಎಂದಳಲ್ಲ ಅಜ್ಜಿ. ಹೊಟ್ಟೆನೋವಲ್ಲ ಅದು.

ಸ್ಯಾನ್ ಫ್ರಾನ್ಸಿಸ್ಕೊದ ಜಾರ್ಜ್ ಗ್ರೆಗರಿ ಈ ಸುಳಿವನ್ನು ಹಿಡಿದರು. ಮಗು ಉಸಿರು ಬಿಡುವಾಗಲೂ ದಾರಿಯಲ್ಲಿ ಸ್ವಲ್ಪ ಒತ್ತಡ ಸದಾ ಇರುವಂತೆ ನೋಡಿಕೊಂಡರೆ ಸಾಕು, ಉಸಿರಾಡುವ ಕೆಲಸ ಮಗುವಿನದೇ. 1971ರಲ್ಲಿ ಅವರು ವರದಿ ಮಾಡಿದ 20 ಮಕ್ಕಳಲ್ಲಿ 16 ಮಕ್ಕಳು ಬದುಕಿದರು. ಇದೇ ಇಂದಿನ ಸಿಪ್ಯಾಪ್. ಅದರ ಅತಿ ಸರಳ ರೂಪದಲ್ಲಿ ಹೊರಬರುವ ಗಾಳಿಯ ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಐದಾರು ಸೆಂಟಿಮೀಟರು ಮುಳುಗಿಸಿಡುತ್ತಾರೆ. ಗುಳುಗುಳು ಗುಳ್ಳೆ ಬರುತ್ತಿದ್ದರೆ ಒತ್ತಡ ಇದೆ ಎಂದು ಅರ್ಥ. ನ್ಯೂಯಾರ್ಕಿನ ಕೊಲಂಬಿಯ ಆಸ್ಪತ್ರೆಯಲ್ಲಿ ಜೆನ್-ಟಿಯೆನ್ ವುಂಗ್ ಎಂಬ ವೈದ್ಯರು ವೆಂಟಿಲೇಟರನ್ನು ಆದಷ್ಟು ದೂರವಿಟ್ಟು ಈ ಬಾಟಲಿಗೇ ಅಂಟಿಕೊಂಡರು. 1987ರಲ್ಲಿ ಎಂಟು ಆಸ್ಪತ್ರೆಗಳನ್ನು ಹೋಲಿಸಿದ ಸಮೀಕ್ಷೆಯಲ್ಲಿ ಶ್ವಾಸಕೋಶದ ದೀರ್ಘಕಾಲದ ಗಾಯ ಅತಿ ಕಡಿಮೆ ಕಂಡದ್ದು ಅಲ್ಲಿಯೇ. ಆ ಸಮೀಕ್ಷೆ ನಡೆಸಿದವರು ಅದೇ ಏವರಿ.

ಸರ್ಫ್ಯಾಕ್ಟಂಟನ್ನೇ ಹೊರಗಿನಿಂದ ಕೊಡುವುದು 1980ರಲ್ಲಿ ಸಾಧ್ಯವಾಯಿತು. ಜಪಾನಿನ ಅಕಿಟದಲ್ಲಿ ಟೆಟ್ಸುರೊ ಫುಜಿವಾರ ಹಸುವಿನ ಶ್ವಾಸಕೋಶದಿಂದ ತೆಗೆದದ್ದನ್ನು ಹತ್ತು ಮಕ್ಕಳ ಶ್ವಾಸನಾಳಕ್ಕೆ ಹಾಕಿದರು, ಗುಣ ಗಂಟೆಗಳಲ್ಲೇ ಕಂಡಿತು. 1990ರ ದಶಕದಲ್ಲಿ ಅದು ಶ್ರೀಮಂತ ದೇಶಗಳಲ್ಲಿ ರೂಢಿಯಾಯಿತು. ಇಂದಿಗೂ ದುಬಾರಿ.

ಅಗ್ಗದ ದಾರಿ ಅದಕ್ಕೂ ಮೊದಲೇ ತೆರೆದಿತ್ತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಕುರಿಗಳ ಮೇಲೆ ಬೇರೇನೋ ಪರೀಕ್ಷಿಸುತ್ತಿದ್ದಾಗ, ಸ್ಟಿರಾಯ್ಡ್ ಕೊಟ್ಟ ಮರಿಯೊಂದು ಬದುಕಲಾರದಷ್ಟು ಬೇಗ ಹುಟ್ಟಿಯೂ ಉಸಿರಾಡುತ್ತಿದ್ದುದನ್ನು ಕಂಡರು. ರಾಸ್ ಹೋವಿ ಜೊತೆ 282 ತಾಯಂದಿರ ಮೇಲೆ ನಡೆಸಿದ ಪರೀಕ್ಷೆ 1972ರಲ್ಲಿ ಪ್ರಕಟವಾಯಿತು. ಅಕಾಲ ಹೆರಿಗೆಗೆ ಮುನ್ನ ತಾಯಿಗೆ ಚುಚ್ಚುಮದ್ದು ಕೊಟ್ಟರೆ, ಮಕ್ಕಳಲ್ಲಿ ಈ ರೋಗ ಶೇಕಡ 25.8ರಿಂದ 9ಕ್ಕೆ ಇಳಿದಿತ್ತು. ಆದರೂ ಅಮೆರಿಕದಲ್ಲಿ ಇದು ಅಧಿಕೃತ ಶಿಫಾರಸಾದದ್ದು 1994ರಲ್ಲಿ. ನನ್ನ ಅಮ್ಮನ ಹೆರಿಗೆ ಆ ಇಪ್ಪತ್ತೆರಡು ವರ್ಷಗಳ ನಟ್ಟನಡುವೆ ಬರುತ್ತದೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳೇ ಕೊಡದಿದ್ದುದನ್ನು ಒಂದು ಚಿಕ್ಕ ಊರಿನ ಆಸ್ಪತ್ರೆ ಕೊಡಬೇಕಿತ್ತು ಎನ್ನುವುದು ಹೇಗೆ?

ಕೊಡಬೇಕೆಂದು ನಿರ್ಧರಿಸಿದ ಮೇಲೂ ಕೆಲಸ ಸುಲಭವಾಗಲಿಲ್ಲ, ಆ ಕಥೆಯಲ್ಲಿ ನಮ್ಮ ಬೆಳಗಾವಿಯೂ ಇದೆ. ಈ ಚುಚ್ಚುಮದ್ದನ್ನು ಹಳ್ಳಿಗಳ ಮಟ್ಟಕ್ಕೆ ಒಯ್ದರೆ ಏನಾಗುತ್ತದೆ ಎಂದು ಭಾರತವೂ ಸೇರಿ ಆರು ದೇಶಗಳಲ್ಲಿ ನಡೆದ ಅಧ್ಯಯನಕ್ಕೆ ಬೆಳಗಾವಿ ಒಂದು ಕೇಂದ್ರ. 2015ರಲ್ಲಿ ಅಚ್ಚಾದ ಅದರ ಫಲಿತಾಂಶ ಎಲ್ಲರನ್ನೂ ಬೆಚ್ಚಿಸಿತು. ಅತಿ ಚಿಕ್ಕ ಕೂಸುಗಳ ಸಾವು ಇಳಿಯಲಿಲ್ಲ, ಒಟ್ಟು ನವಜಾತ ಸಾವು ಸ್ವಲ್ಪ ಏರಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ದಿನದ ಲೆಕ್ಕ ಖಚಿತವಿಲ್ಲದಾಗ, ಅಕಾಲದಲ್ಲಿ ಹೆರದವರಿಗೂ ಮದ್ದು ಹೋಗಿತ್ತು. ಮತ್ತೆ ಪರೀಕ್ಷೆ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವ, ಐದು ದೇಶಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇದರಲ್ಲೂ ಇತ್ತು. ಈ ಸಲ ಸ್ಕ್ಯಾನ್ ಮಾಡಿ ವಾರ ಎಣಿಸಿದರು, ಕೂಸಿನ ಆರೈಕೆ ಇರುವ ಆಸ್ಪತ್ರೆಗಳನ್ನಷ್ಟೇ ಆರಿಸಿದರು. 2020ರ ವರದಿಯ ಪ್ರಕಾರ ಮಕ್ಕಳ ಸಾವು ಶೇಕಡ 23.5ರಿಂದ 19.6ಕ್ಕೆ ಇಳಿಯಿತು. ಅದೇ ಬಗೆಯ ಮದ್ದು, ಉತ್ತರ ಬೇರೆ.

ಒಂಬತ್ತನೇ ಪುಟದ ವಾಕ್ಯಕ್ಕೆ ಉತ್ತರ ಸಿಕ್ಕಿದ್ದು ದೆಹಲಿಯಲ್ಲಿ. ದಿನ ತುಂಬಿ ಹುಟ್ಟಿ, ಉಸಿರು ಕಟ್ಟಿದ ಮಕ್ಕಳ ವಿಷಯ ಬೇರೆ. ಅವರ ಶ್ವಾಸಕೋಶ ಸಾಮಾನ್ಯವಾಗಿ ಸಿದ್ಧವಿರುತ್ತದೆ. ನಾರ್ವೆಯ ಓಲಾ ಸಾಗ್‌ಸ್ಟಾಡ್ ಎಂಬ ವೈದ್ಯರಿಗೆ, ಆಮ್ಲಜನಕವಿಲ್ಲದೆ ಬಳಲಿದ ದೇಹಕ್ಕೆ ಒಮ್ಮೆಲೇ ಶುದ್ಧ ಆಮ್ಲಜನಕ ನುಗ್ಗಿಸಿದರೆ ಜೀವಕೋಶಗಳಿಗೆ ಹಾನಿಮಾಡುವ ವಸ್ತುಗಳು ಹುಟ್ಟುತ್ತವೆ ಎಂಬ ಅನುಮಾನವಿತ್ತು. ಆದರೆ ಶೇಕಡ 100 ಆಮ್ಲಜನಕವೇ ಆಗ ವೇದವಾಕ್ಯ. ಅವರು ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಸಿದ್ಧಾರ್ಥ ರಾಮ್‌ಜಿ ಅವರ ಜೊತೆ ಸೇರಿದರು. 84 ಮಕ್ಕಳ ಮೊದಲ ಅಧ್ಯಯನ 1993ರಲ್ಲಿ ಬಂತು: ಕೋಣೆಯ ಗಾಳಿ ಕೊಟ್ಟವರು ಆಮ್ಲಜನಕ ಕೊಟ್ಟವರಷ್ಟೇ ಚೆನ್ನಾಗಿ ಚೇತರಿಸಿಕೊಂಡಿದ್ದರು. ಮುಂದೆ ಆರು ದೇಶಗಳಲ್ಲಿ ಮಗು ಹುಟ್ಟಿದ ತಾರೀಕು ಸಮವೋ ಬೆಸವೋ ನೋಡಿ ಗಾಳಿ ಅಥವಾ ಆಮ್ಲಜನಕ ಕೊಟ್ಟರು, ಒಟ್ಟು 609 ಮಕ್ಕಳು. 1998ರಲ್ಲಿ ಬಂದ ಆ ವರದಿಯಲ್ಲಿ ಗಾಳಿ ಕೊಟ್ಟ ಗುಂಪು ಎಲ್ಲೂ ಹಿಂದೆ ಬಿದ್ದಿರಲಿಲ್ಲ, ಮೊದಲ ಅಳುವಂತೂ ಸ್ವಲ್ಪ ಬೇಗವೇ ಕೇಳಿಸಿತ್ತು. 2010ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಬದಲಾಯಿತು.

ದಿನ ತುಂಬದ ಮಕ್ಕಳಿಗೆ ಎಷ್ಟು ಆಮ್ಲಜನಕ ಎಂಬ ಹಳೆಯ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅದೇ 2010ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ರಕ್ತದ ಆಮ್ಲಜನಕವನ್ನು ತುಸು ಕೆಳಗಿಟ್ಟರೆ ಕಣ್ಣಿನ ರೋಗ ಕಡಿಮೆ, ಸಾವು ಹೆಚ್ಚು ಎಂದು ಕಂಡುಕೊಂಡಿತು. ಕ್ರಾಸ್ ಅವರ ಲೆಕ್ಕ ಮತ್ತೆ ಎದುರಾಗಿತ್ತು.

ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದಲು ನನಗೆ ಮರಳಿ ಬಂತು. ಒಂಬತ್ತನೇ ಪುಟ ಹಾಗೇ ಇತ್ತು, ಬಿಟ್ಟೆ. ಅಪಾಯದ ಲಕ್ಷಣಗಳ ಪಟ್ಟಿಯಲ್ಲಿ ಆ 'ಹ್ಞ' ಸದ್ದಿಗೆ 'ನರಳುವುದು' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ 'ಪ್ರತಿ ಸಲ ಉಸಿರು ಬಿಡುವಾಗ ಮುಲುಕುವುದು' ಎಂದು ಹಾಕಿದೆ. ಆಮೇಲೆ ಅಜ್ಜಿಗೆ ಫೋನು ಮಾಡಿ ಅದು ಹೊಟ್ಟೆನೋವಾಗಿರಲಿಲ್ಲ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅದು ಉಸರ ಹಿಡ್ಕೊಳ್ಳಾಕ ಹತ್ತಿತ್ತೇನು?" ಎಂದು ಕೇಳಿದಳು. ಹೌದಜ್ಜಿ ಎಂದೆ. ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು.